ಹಗ್ಗ ಹಿಡಿದು ‘ಫ್ರಮ್’ ಕಲಿಸಿದ ನನ್ನ ಅನುಭವ

ಹೋಂಸ್ಟೇ ಹುಡುಗರಿಗೆ, ಜೀಪ್ ಡ್ರೈವರ್‌ಗಳಿಗೆ ಇಂಗ್ಲಿಷ್ ಕಲಿಸುವವರು ಸಾಗರ, ಹೊಸನಗರ ಕಡೆ ಈಗ ಸುಮಾರು ಜನ ಇದ್ದೇವೆ. ನಮಗೆಲ್ಲ ಕೈಕೊಡುವ ಜಾಗ ಒಂದೇ: ಎಲ್ಲಿ ನಿಂತರೆ ಏನು ಕಾಣುತ್ತದೆ ಅಂತ ಹೇಳಿಸುವುದು. ಟೂರಿಸ್ಟ್‌ಗಳ ಜೊತೆ ಅರ್ಧ ಮಾತು ಅದೇ ಅಲ್ವಾ? ಟೆನ್ಸ್ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಫ್ರಮ್ ಹಿಯರ್ ಫಾಲ್ಸ್ ಈಸ್ ಸೀಯಿಂಗ್’ ಅಂದರೆ ಮಾತ್ರ ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಫಾಲ್ಸ್ ಯಾರನ್ನು ನೋಡುತ್ತಿದೆ?

ಹಗ್ಗ ಹಿಡಿದು ಇದನ್ನು ಕಲಿಸುತ್ತೇನೆ ಅಂದಾಗ ಪಕ್ಕದ ಬೀದಿಯ ಟ್ಯೂಷನ್ ಮೇಷ್ಟ್ರು, ‘ನೀವು ಇಂಗ್ಲಿಷ್ ಕಲಿಸ್ತೀರೋ ದನ ಕಟ್ತೀರೋ ಮಾರಾಯ್ರೆ’ ಅಂದಿದ್ದರು. ಈ ಮಳೆಗಾಲ ಅವರೇ ತಮ್ಮ ಮೂವರು ಹುಡುಗರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಪ್ರಿಪೊಸಿಷನ್‌ಗಳನ್ನೆಲ್ಲ, ಅಂದರೆ ಫ್ರಮ್, ಅಟ್, ಥ್ರೂ ಥರದ ಪುಟ್ಟ ಪದಗಳನ್ನು, ಬರೆಸಿ ಗೋಡೆ ತುಂಬ ಒಂದು ಫ್ಲೆಕ್ಸ್ ಹಾಕಿಸಿದೆ. ಸಾವಿರದ ಚಿಲ್ಲರೆ ಆಯಿತು. ಹುಡುಗರು ಬಾಯಿಪಾಠ ಮಾಡಿದರು, ರಸ್ತೆಗೆ ಇಳಿದ ಕೂಡಲೇ ಮರೆತರು. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ, ಎಂಟೋ ಒಂಬತ್ತೋ ಸಾವಿರ. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕರೆಂಟ್ ಇದ್ದ ದಿನವೂ ಉಪಯೋಗ ಆಗಲಿಲ್ಲ. ಯಾಕೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ಫೋಟೋದಲ್ಲಿ ಬೆಟ್ಟ ಇರುತ್ತದೆ, ದೇವಸ್ಥಾನ ಇರುತ್ತದೆ, ನೋಡಿದವನು ಇರುವುದಿಲ್ಲ. ಕ್ಯಾಮೆರಾ ಹಿಡಿದವನು ಎಲ್ಲಿ ನಿಂತಿದ್ದ ಅಂತ ಫೋಟೋ ನೋಡಿದ ಹುಡುಗನಿಗೆ ಅನ್ನಿಸುವುದೇ ಇಲ್ಲ. ಇಂಗ್ಲಿಷ್ ಕೇಳುವುದು ಅದನ್ನೇ. ಕಣ್ಣು ಎಲ್ಲಿದೆ, ನೋಟ ಯಾವುದರ ಮೂಲಕ ಹೋಯಿತು, ಕಂಡದ್ದು ಎಲ್ಲಿದೆ, ಈ ಮೂರಕ್ಕೂ ಅದು ಬೇರೆ ಬೇರೆ ಪದ ಇಟ್ಟುಕೊಂಡಿದೆ. ನಮಗೆ ಎಷ್ಟೋ ಕಡೆ ಒಂದೇ ‘ಇಂದ’ ಸಾಕಾಗುತ್ತದೆ.

ಕೊನೆಗೆ ನೂರೈವತ್ತು ರೂಪಾಯಿಗೆ ಒಂದು ಸುತ್ತು ನೈಲಾನ್ ಹಗ್ಗ ತಂದೆ. ನನ್ನ ಕ್ಲಾಸ್ ಇರುವುದು ಮಹಡಿ ಮೇಲೆ, ಕಿಟಕಿ ರಸ್ತೆ ಕಡೆಗೆ. ಒಬ್ಬ ಹುಡುಗ ಹಗ್ಗದ ತುದಿಯನ್ನು ಕಣ್ಣಿನ ಪಕ್ಕ, ಕೆನ್ನೆಗೆ ಒತ್ತಿ ಹಿಡಿಯಬೇಕು. ಇನ್ನೊಂದು ತುದಿ ಕಿಟಕಿ ಸರಳಿನ ನಡುವೆ ಇಳಿದು ಕೆಳಗೆ ಬೇಕರಿ ಎದುರು ನಿಂತವನ ಕೈಗೆ. ಹಗ್ಗ ಬಿಗಿಯಾದ ಮೇಲೆ ಬಾಯಿ ಬಿಡಬೇಕು. ಮೇಲಿನವನು ಕಿಟಕಿ ಹತ್ತಿರ ನಿಂತಿದ್ದರೆ ‘ಐ ಸಾ ಹಿಮ್ ಫ್ರಮ್ ದಿ ವಿಂಡೋ’. ರೂಮಿನ ಒಳಗೆ ಹಿಂದೆ ಸರಿದು ನಿಂತ, ಹಗ್ಗ ಸರಳು ದಾಟಿ ಹೋಯಿತು, ಆಗ ‘ಥ್ರೂ ದಿ ವಿಂಡೋ’. ಈಗ ಕೆಳಗಿನವನು ಹಗ್ಗದ ತುದಿ ಕೆನ್ನೆಗೆ ಇಟ್ಟುಕೊಂಡು ತಲೆ ಎತ್ತಿ ನೋಡಲಿ. ಅವನು ಹೇಳಬೇಕಾದ್ದು ‘ಐ ಸಾ ಹಿಮ್ ಅಟ್ ದಿ ವಿಂಡೋ’. ಕೊಡಚಾದ್ರಿ ಜೀಪ್ ಓಡಿಸುವವನೊಬ್ಬ ತಟ್ಟನೆ ಅಂದ: ‘ಸರ್, ಫ್ರಮ್ ಅಂದ್ರೆ ನಮ್ಮ ತುದಿ, ಅಟ್ ಅಂದ್ರೆ ಅವರ ತುದಿ.’ ನಾನು ಫ್ಲೆಕ್ಸ್ ತುಂಬ ಬರೆಸಿದ್ದು ಅವನಿಗೆ ಒಂದೇ ಮಾತಿನಲ್ಲಿ ಸಿಕ್ಕಿತ್ತು. ಆ ಫ್ಲೆಕ್ಸ್ ಈಗ ನಮ್ಮ ಸೌದೆ ರಾಶಿಯ ಮೇಲಿದೆ, ಮಳೆಗೆ ಚೆನ್ನಾಗಿ ತಡೆಯುತ್ತದೆ.

‘ಬೈನಾಕ್ಯುಲರ್‌ನಿಂದ ನೋಡಿದೆ’ ಅನ್ನುವುದನ್ನು ಎಲ್ಲರೂ ‘ಫ್ರಮ್ ಬೈನಾಕ್ಯುಲರ್ಸ್’ ಮಾಡುತ್ತಿದ್ದರು. ಹಳೇ ಪಿವಿಸಿ ಪೈಪಿನ ತುಂಡೊಳಗೆ ಹಗ್ಗ ತೂರಿಸಿದೆ, ‘ಥ್ರೂ’ ತಾನಾಗೇ ಬಂತು. ‘ಕಣ್ಣಾರೆ ನೋಡಿದೆ’ ಅನ್ನುವುದಕ್ಕೆ ಪೈಪೂ ಇಲ್ಲ, ಹಗ್ಗವೂ ಇಲ್ಲ. ‘ವಿತ್ ಮೈ ಓನ್ ಐಸ್’ ಬಾಯಿಪಾಠವೇ ಗತಿ. ಹಾಗೇ ‘ಫ್ರಮ್ ಬ್ಯಾಕ್‌ಸೈಡ್’ ಬಿಡಿಸಿ ‘ಫ್ರಮ್ ಬಿಹೈಂಡ್’ ಹೇಳಿಸಿದೆ. ಬ್ಯಾಕ್‌ಸೈಡ್ ಅಂದರೆ ಇಂಗ್ಲಿಷ್‌ನವರಿಗೆ ಕುಂಡೆ ಅಂತ ಒಮ್ಮೆ ಹೇಳಿದರೆ ಸಾಕು, ಮತ್ತೆ ಯಾರೂ ಆ ಪದ ಮುಟ್ಟುವುದಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ‘ಇನ್ ದಿ ಡಿಸ್ಟೆನ್ಸ್’ ಮತ್ತು ‘ಫ್ರಮ್ ಎ ಡಿಸ್ಟೆನ್ಸ್’. ಹಗ್ಗದ ಉದ್ದ ಅಷ್ಟೇ. ಆ ತುದಿಯ ದೇವಸ್ಥಾನ ದೂರದಲ್ಲಿದೆ ಅನ್ನುವಾಗ ಇನ್, ನಾವು ದೂರದಲ್ಲಿ ನಿಂತು ನೋಡುತ್ತಿದ್ದೇವೆ ಅನ್ನುವಾಗ ಫ್ರಮ್. ಡಿಗ್ರಿ ಓದಿದ ಹುಡುಗಿಯರೂ ಇಲ್ಲಿ ಎಡವುತ್ತಿದ್ದರು.

ಇಷ್ಟಾದ ಮೇಲೆ ಎಲ್ಲರನ್ನೂ ಜೋಗಕ್ಕೆ ಕರೆದುಕೊಂಡು ಹೋದೆ. ವ್ಯಾನ್ ಬಾಡಿಗೆ ಮೂರೂವರೆ ಸಾವಿರದ ಹತ್ತಿರ, ಅರ್ಧ ನನ್ನ ಜೇಬಿಂದ. ಹಗ್ಗ ಮನೆಯಲ್ಲೇ ಬಿಟ್ಟಿದ್ದೆವು, ಬೆರಳು ತೋರಿಸಿ ಹೇಳಬೇಕು ಅಂತ ನಿಯಮ. ಎದುರಿನ ವ್ಯೂ ಪಾಯಿಂಟ್‌ನಲ್ಲಿ ನಿಂತರೆ ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ. ಸುಮ್ನೆ ‘ರಾಜಾ ಈಸ್ ಆನ್ ದಿ ಲೆಫ್ಟ್’ ಅಂದ ಒಬ್ಬ. ಯಾರ ಲೆಫ್ಟ್? ಮೇಲೆ, ಶರಾವತಿ ಬೀಳುವ ಕಡೆ ಮುಖ ಮಾಡಿ ನಿಂತವನಿಗೆ ರಾಜಾ ಬಲಗಡೆ. ‘ಆ್ಯಸ್ ಯೂ ಫೇಸ್ ದಿ ಫಾಲ್ಸ್’ ಅಂತ ಸೇರಿಸಿದ ಮೇಲೆ ವಾಕ್ಯಕ್ಕೆ ಕಾಲು ಬಂತು. ಮೆಟ್ಟಿಲು ಇಳಿದು ಹೋದವರು 253 ಮೀಟರ್ ಎತ್ತರವನ್ನು ‘ಲುಕ್ ಅಪ್ ಅಟ್’ ಮಾಡುತ್ತಾರೆ, ಮೇಲಿನವರು ‘ಲುಕ್ ಡೌನ್’. ಅಷ್ಟರಲ್ಲಿ ಮಂಜು ಬಂದು ನಾಲ್ಕೂ ಮಾಯ. ಆ ಹೊತ್ತಿಗೆ ‘ಔಟ್ ಆಫ್ ಸೈಟ್’, ಕಾಲು ಗಂಟೆ ಕಾದು ರಾಣಿಯ ತುದಿ ಕಂಡಾಗ ‘ಕಮಿಂಗ್ ಇನ್‌ಟು ವ್ಯೂ’. ಇದನ್ನು ಯಾವ ಕ್ಲಾಸ್‌ರೂಮಲ್ಲಿ ಕಲಿಸುತ್ತೀರಿ ಹೇಳಿ.

ನಡುವೆ ‘ಓವರ್‌ಲುಕ್’ ಪ್ರಯೋಗ ಒಂದು ಮಾಡಿದೆ. ‘ದಿ ರೂಮ್ ಓವರ್‌ಲುಕ್ಸ್ ದಿ ವ್ಯಾಲಿ’, ಅಂದರೆ ರೂಮಿಂದ ಕೆಳಗಿನ ಕಣಿವೆ ಕಾಣುತ್ತದೆ, ಅಂತ ಹೋಂಸ್ಟೇ ಬೋರ್ಡಿಗೆ ಚೆನ್ನಾಗಿರುತ್ತದೆ. ಆದರೆ ಬಿಲ್ ತಪ್ಪಿದಾಗ ಗೆಸ್ಟ್ ‘ಯೂ ಓವರ್‌ಲುಕ್ಡ್ ದಿಸ್’ (ಇದನ್ನು ಗಮನಿಸದೆ ಬಿಟ್ಟಿದ್ದೀರಿ) ಅಂದರೆ ಹುಡುಗ ನಗುತ್ತಾ ‘ಯೆಸ್ ಸರ್, ವ್ಯಾಲಿ’ ಅಂದುಬಿಟ್ಟ. ಅದನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದೇನೆ.

‘ಫಾಲ್ಸ್ ಈಸ್ ಸೀಯಿಂಗ್’ ಬಿಡಿಸಿ ‘ಯೂ ಕ್ಯಾನ್ ಸೀ’ ತರಿಸುವುದಕ್ಕೆ ನನ್ನ ಹತ್ತಿರ ಒಂದು ಆಟ ಇದೆ, ಎರಡು ಬಣ್ಣದ ಟೋಪಿ ಬೇಕಾಗುತ್ತದೆ. ಅಷ್ಟೇ ಹೇಳುತ್ತೇನೆ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಹಗ್ಗ ಸೋಲುವ ಒಂದು ಕಡೆ ಇದೆ. ‘ಐ ಸಾ ದಿ ಮ್ಯಾನ್ ಫ್ರಮ್ ದಿ ಬಸ್.’ ಬಸ್ಸಲ್ಲಿ ಕೂತು ನೋಡಿದ್ದೋ, ಬಸ್ಸಿಂದ ಇಳಿದು ಬಂದ ಆಸಾಮಿಯನ್ನು ನೋಡಿದ್ದೋ? ಹಗ್ಗದ ತುದಿ ಯಾರ ಕೈಗೆ ಕೊಡಬೇಕು ಅಂತ ಜಗಳವೇ ಆಯಿತು. ಅದಕ್ಕೆ ನಾನು ಹೇಳುವುದು ಇಷ್ಟೇ: ನೋಡಿದವನು ಬಸ್ಸಲ್ಲಿದ್ದರೆ ‘ಫ್ರಮ್ ದಿ ಬಸ್’ ಅನ್ನುವುದನ್ನು ಎತ್ತಿ ವಾಕ್ಯದ ತಲೆಗೆ ಹಾಕಿ. ಜೀಪ್‌ನವರು ಈಗ ಹಾಗೇ ಹೇಳುತ್ತಾರೆ.