ಗುಹಾ ವಿಜ್ಞಾನ ಓದಬೇಕೇ? ಮೊದಲು ಒಂದು ಪತ್ರ ಬರೆಯಲು ಕಲಿಯಿರಿ

ಗುಹೆಗಳ ಬಗ್ಗೆ ಸಂಶೋಧನೆ ಮಾಡುವ ಹಂಬಲವಿರುವವರು ‘ಗುಹಾ ವಿಜ್ಞಾನ ಪದವಿ’ ಎಂದು ಅಂತರ್ಜಾಲದಲ್ಲಿ ಹುಡುಕುತ್ತಾರೆ, ಏನೂ ಸಿಗದೆ ಕೈಚೆಲ್ಲುತ್ತಾರೆ. ಆ ಹೆಸರಿನ ಪದವಿ ಬಲು ಅಪರೂಪ. ಸುಣ್ಣಕಲ್ಲು ನೀರಿನಲ್ಲಿ ಕರಗಿ ರೂಪುಗೊಂಡ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಅದರ ಅಧ್ಯಯನ ಭೂವಿಜ್ಞಾನ, ಭೂಗೋಳ, ಜಲವಿಜ್ಞಾನ, ಜೀವವಿಜ್ಞಾನ ವಿಭಾಗಗಳಲ್ಲಿ ಚದುರಿಹೋಗಿದೆ. ಹುಡುಕಬೇಕಾದದ್ದು ಪದವಿಯನ್ನಲ್ಲ, ಮಾರ್ಗದರ್ಶಕರನ್ನು.

1. ಮೊದಲ ಪದವಿ

ಭೂವಿಜ್ಞಾನ ಓದಿ, ಜೊತೆಗೆ ರಸಾಯನಶಾಸ್ತ್ರ ಬಿಡಬೇಡಿ. ಗುಹೆಯ ಜೀವಿಗಳ ಮೇಲೆ ಆಸಕ್ತಿಯಿದ್ದರೆ ಜೀವವಿಜ್ಞಾನ. ಹಣ ಕಟ್ಟಿಸಿಕೊಂಡು ವಾರಾಂತ್ಯದಲ್ಲಿ ‘ಗುಹಾ ತಜ್ಞ’ ಪ್ರಮಾಣಪತ್ರ ಕೊಡುವ ಕೋರ್ಸುಗಳಿಗೆ ಪ್ರವೇಶ ಸಮಿತಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

2. ಪ್ರಶ್ನೆಯನ್ನು ಆರಿಸಿಕೊಳ್ಳಿ

ಹೆಚ್ಚಿನವರನ್ನು ಸೆಳೆಯುವುದು ಹಳೆಯ ಹವಾಮಾನ. ಅದರ ಗುರುತು ಉಳಿಸಿಕೊಂಡ, ಗುಹೆಯ ನೆಲದಿಂದ ಮೇಲಕ್ಕೆ ಬೆಳೆಯುವ ಸುಣ್ಣದ ಕಂಬವಾದ ಸ್ಟಲಗ್ಮೈಟ್‌ನ ಪದರಗಳನ್ನು ಯುರೇನಿಯಂ–ಥೋರಿಯಂ ವಿಧಾನದಿಂದ ಸುಮಾರು 6 ಲಕ್ಷ ವರ್ಷಗಳವರೆಗೆ ಕಾಲನಿರ್ಣಯ ಮಾಡಬಹುದು. ಮೇಘಾಲಯದ ಮಾವ್ಮ್ಲೂ ಗುಹೆಯ ಒಂದು ಸ್ಟಲಗ್ಮೈಟ್ 2018ರಲ್ಲಿ ಭೂಇತಿಹಾಸದ ಒಂದು ಯುಗಕ್ಕೇ ಗಡಿಗುರುತಾಯಿತು. ಆಕರ್ಷಕ ವಿಷಯ, ನಿಜ. ಆದರೆ ಆ ಕಾಲನಿರ್ಣಯ ದುಬಾರಿ, ಪ್ರಯೋಗಾಲಯದಲ್ಲಿ ಸರದಿಗಾಗಿ ಕಾಯಬೇಕು, ಸ್ನಾತಕೋತ್ತರ ಅವಧಿ ಅಷ್ಟರಲ್ಲೇ ಮುಗಿದಿರುತ್ತದೆ. ಆರಂಭಕ್ಕೆ ನೀರನ್ನೇ ಹಿಡಿಯಿರಿ, ನೆಲದೊಳಗೆ ಇಂಗಿದ ನೀರು ಎಲ್ಲಿ ಹೊರಬರುತ್ತದೆ ಎಂದು ಹುಡುಕಿ ಎಂಬುದು ನನ್ನ ಹಟ.

1877ರಲ್ಲಿ ಡ್ಯಾನ್ಯೂಬ್ ನದಿ ನೆಲದೊಳಗೆ ಇಂಗುವ ಜಾಗದಲ್ಲಿ ಸುಮಾರು 10 ಕಿಲೋ ಫ್ಲೋರೆಸೀನ್ ಬಣ್ಣ ಸುರಿದರು. ಎರಡೂವರೆ ದಿನದ ಹೊತ್ತಿಗೆ, 12 ಕಿಲೋಮೀಟರ್ ಆಚೆ, ರೈನ್ ನದಿಯ ಕಡೆಗೆ ಹರಿಯುವ ಆಖ್ ಬುಗ್ಗೆ ಹಸಿರಾಯಿತು. ಇಂದಿಗೂ ತತ್ವ ಅದೇ. ಬುಗ್ಗೆಗಳಲ್ಲಿ ಬಣ್ಣ ಹೀರಿಕೊಳ್ಳುವ ಇದ್ದಿಲಿನ ಚೀಲ ಕಟ್ಟಿ, ಬಣ್ಣ ಬಿಟ್ಟು, ಚೀಲ ತೆಗೆದು ಪರೀಕ್ಷಿಸುತ್ತಾರೆ. ಬಣ್ಣ ಮುಟ್ಟಿದ ಕೈ ಚೀಲವನ್ನು ಮುಟ್ಟಬಾರದು, ಅಷ್ಟು ಶಿಸ್ತು ಸಾಕು.

3. ಜನರನ್ನು ಹುಡುಕಿ

ಸ್ಲೊವೇನಿಯಾದ ಪೊಸ್ಟೊಯ್ನಾದಲ್ಲಿ ಕಾರ್ಸ್ಟ್ ಸಂಶೋಧನಾ ಸಂಸ್ಥೆಯಿದೆ. ನೋವಾ ಗೊರಿತ್ಸಾ ವಿಶ್ವವಿದ್ಯಾಲಯದ ಜೊತೆಗೂಡಿ ಅದು ಕಾರ್ಸ್ಟ್ ವಿಷಯದಲ್ಲೇ ಡಾಕ್ಟರೇಟ್ ಓದಿಸುತ್ತದೆ. ಅಮೆರಿಕದಲ್ಲಿ ಮ್ಯಾಮತ್ ಗುಹೆಗೆ ಸಮೀಪದ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯ ಬಣ್ಣದ ಪರೀಕ್ಷೆಗೆ ಹೆಸರಾದದ್ದು. ರೊಮೇನಿಯಾದ ಕ್ಲುಜ್‌ನಲ್ಲಿ ಎಮಿಲ್ ರಾಕೊವಿತ್ಸಾ 1920ರಲ್ಲಿ ಕಟ್ಟಿದ, ಜಗತ್ತಿನ ಮೊದಲ ಗುಹಾ ವಿಜ್ಞಾನ ಸಂಸ್ಥೆಯಿದೆ. ಚೀನಾದ ಗುಯಿಲಿನ್ ಇನ್ನೊಂದು ಕೇಂದ್ರ. ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಸ್ಪೀಲಿಯಾಲಜಿ’ ಮತ್ತು ‘ಆಕ್ಟಾ ಕಾರ್ಸೊಲಾಜಿಕಾ’ ಎರಡನ್ನೂ ಉಚಿತವಾಗಿ ಓದಬಹುದು. ನಿಮ್ಮ ಪ್ರಶ್ನೆಯ ಮೇಲೆ ಇತ್ತೀಚೆಗೆ ಯಾರು ಬರೆದಿದ್ದಾರೆ ಎಂದು ಅಲ್ಲಿ ನೋಡಿ.

4. ಪತ್ರ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ‘ಬಾಲ್ಯದಿಂದಲೂ ಗುಹೆಗಳೆಂದರೆ ನನಗೆ ಬೆರಗು’ ಎಂದು ಶುರುವಾಗುವ ಪತ್ರವನ್ನು ಎರಡನೆಯ ಸಾಲಿನವರೆಗೆ ಯಾರೂ ಓದುವುದಿಲ್ಲ. ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳುಹಿಸಿ, ಒಬ್ಬರ ಹೆಸರಿನ ಜಾಗದಲ್ಲಿ ಇನ್ನೊಬ್ಬರದನ್ನು ಬಿಟ್ಟಿರುವುದನ್ನೂ ನೋಡಿದ್ದೇನೆ. ಸಿದ್ಧ ನಮೂನೆಗಳನ್ನು ಮಾರುವವರಿದ್ದಾರೆ. ಓದುವವರಿಗೆ ಆ ನಮೂನೆ ನಿಮಗಿಂತ ಚೆನ್ನಾಗಿ ಪರಿಚಯ.

ಹೀಗೆ ಮಾಡಿ. ಅವರ ಒಂದು ಪ್ರಬಂಧವನ್ನು ಪೂರ್ತಿ ಓದಿ, ಸಾರಾಂಶ ಮಾತ್ರವಲ್ಲ. ಅದರ ರೇಖಾನಕ್ಷೆಗಳಲ್ಲಿ ನಿಮಗೆ ಬಗೆಹರಿಯದ ಒಂದು ಸಂಗತಿ ಹಿಡಿಯಿರಿ. ಉದಾಹರಣೆಗೆ: ‘ಜೋರು ಮಳೆಯಾದ ಮೇಲೆ ನಿಮ್ಮ ಬುಗ್ಗೆಯ ನೀರಿನ ವಿದ್ಯುತ್ ವಾಹಕತೆ ಮೊದಲು ಸ್ವಲ್ಪ ಏರಿ, ಆಮೇಲೆ ಕುಸಿದಿದೆ. ಕುಸಿತಕ್ಕೆ ಹೊಸ ಮಳೆನೀರು ಕಾರಣವಿರಬೇಕು. ಆದರೆ ಮೊದಲ ಏರಿಕೆ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜ ತುಂಬಿಕೊಂಡಿದ್ದ ಹಳೆಯ ನೀರನ್ನು ಒತ್ತಡ ಹೊರದೂಡಿದ್ದರಿಂದ ಬಂದದ್ದೇ?’ ಪತ್ರದ ಮೊದಲ ಪರಿಚ್ಛೇದ ಇಷ್ಟೇ. ಇಂಥ ಪ್ರಶ್ನೆಗೆ ಉತ್ತರಿಸದೆ ಇರಲು ಸಂಶೋಧಕರಿಗೆ ಕಷ್ಟವಾಗುತ್ತದೆ.

ಎರಡನೆಯ ಪರಿಚ್ಛೇದದಲ್ಲಿ ನಿಮ್ಮ ಕೈಗೆ ಬರುವ ಕೆಲಸಗಳನ್ನು ಹೇಳಿ: ನೀರಿನ ಕ್ಷಾರೀಯತೆ ಅಳೆಯುವುದು, ನಕ್ಷೆ ತಂತ್ರಾಂಶ, ಗುಹೆಯ ಸರ್ವೆ. ‘ಶ್ರಮಜೀವಿ’, ‘ಉತ್ಸಾಹಿ’ ಎಂಬ ಪದಗಳು ಬೇಡ. ಮೂರನೆಯದರಲ್ಲಿ ಮುಂದಿನ ವರ್ಷ ವಿದ್ಯಾರ್ಥಿಗೆ ಜಾಗವಿದೆಯೇ, ವೇತನವಿದೆಯೇ ಎಂದು ನೇರವಾಗಿ ಕೇಳಿ. ಒಂದು ಪುಟದ ಪರಿಚಯ ಲಗತ್ತಿಸಿ. ಅಂಕಪಟ್ಟಿಗಳ ಕಟ್ಟು ಈಗಲೇ ಬೇಡ. ಹೆಚ್ಚು ಜನರಿಗೆ ಗೊತ್ತಿಲ್ಲದ ಗುಹೆಯೊಂದನ್ನು ನೀವು ಬಲ್ಲಿರಾದರೆ ಅದರ ಅಕ್ಷಾಂಶ, ರೇಖಾಂಶ ಬರೆಯಬೇಡಿ. ಗುಹೆಯ ವಿಳಾಸ ಹರಿದಾಡಿದರೆ ಅದು ಹಾಳಾಗುತ್ತದೆ ಎಂದು ಬಲ್ಲವರು, ವಿಳಾಸ ಹಂಚುವವರನ್ನು ದೂರವಿಡುತ್ತಾರೆ.

ಮೂರು ವಾರ ಕಾಯಿರಿ, ಒಮ್ಮೆ ನೆನಪಿಸಿ. ಎರಡನೆಯ ಸಲ ಬೇಡ.

5. ಹಣ

ಯುರೋಪಿನಲ್ಲಿ ಅನೇಕ ಕಡೆ ಡಾಕ್ಟರೇಟ್ ಎಂದರೆ ಸಂಬಳದ ಹುದ್ದೆ. ಅಮೆರಿಕದಲ್ಲಿ ಬೋಧನಾ ಅಥವಾ ಸಂಶೋಧನಾ ಸಹಾಯಕರ ಕೆಲಸದ ಮೂಲಕ ಖರ್ಚು ನಡೆಯುತ್ತದೆ. ಸ್ವಂತ ಹಣ ಹಾಕಿ ಡಾಕ್ಟರೇಟ್ ಮಾಡಬೇಡಿ. ಅಮೆರಿಕದ ಕೇವ್ ರಿಸರ್ಚ್ ಫೌಂಡೇಶನ್ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಅನುದಾನ ಕೊಡುತ್ತದೆ. ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ನಕಲಿ ಪತ್ರಿಕೆಗಳಲ್ಲಿ ಪ್ರಬಂಧ ಪ್ರಕಟಿಸಿದರೆ ಅನುದಾನದ ಅರ್ಜಿಗೆ ಅದೇ ಮುಳುವಾಗುತ್ತದೆ.

6. ಗುಹೆಗೆ ಇಳಿಯುವ ಮುನ್ನ

ಅನುಭವಿ ತಂಡ ಸೇರಿ. ಒಬ್ಬೊಬ್ಬರಿಗೂ ಮೂರು ದೀಪ. ಅಗ್ಗದ ತಲೆದೀಪದ ಡಬ್ಬಿಯ ಮೇಲೆ ಬರೆದ ಬೆಳಕಿನ ಪ್ರಮಾಣವನ್ನು ನಂಬಬೇಡಿ. ಮೊಬೈಲಿನ ದಿಕ್ಸೂಚಿಯಿಂದ ಸರ್ವೆ ಮಾಡಬೇಡಿ. ಬಟ್ಟೆ, ಬೂಟು, ಹಗ್ಗಗಳನ್ನು ಗುಹೆಯಿಂದ ಗುಹೆಗೆ ಹೋಗುವಾಗ ಸೋಂಕುಮುಕ್ತಗೊಳಿಸಿ. 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ಕಂಡ ಬಿಳಿಮೂಗಿನ ಶಿಲೀಂಧ್ರ ಉತ್ತರ ಅಮೆರಿಕದ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ, ಅದರ ಬೀಜಕಣಗಳು ಜನರ ಬಟ್ಟೆಗಳಿಗೂ ಅಂಟಿಕೊಂಡು ಸಾಗಬಲ್ಲವು.

ಸಂರಕ್ಷಿತ ಗುಹೆಗಳಲ್ಲಿ ಒಳಹೋಗಲು ಅನುಮತಿಯಿದ್ದ ಮಾತ್ರಕ್ಕೆ ಮಾದರಿ ತೆಗೆಯಬಹುದೆಂದು ತಿಳಿಯಬೇಡಿ. ಅದಕ್ಕೆ ಪ್ರತ್ಯೇಕ ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿ. ಸ್ಟಲಗ್ಮೈಟ್ ಬೇಕಾದರೆ, ನಿಂತಿರುವುದನ್ನು ಬಿಟ್ಟು, ಈಗಾಗಲೇ ಮುರಿದು ಬಿದ್ದಿರುವ ತುಂಡನ್ನೇ ಕೇಳಿ.