ಹಿತ್ತಿಲಿನ ಚಳಿಗಾಲದ ಹಕ್ಕಿಗಳಿಗೆ ಕಾಳಿಗಿಂತ ನೀರೇ ಮೇಲು

ಹಕ್ಕಿ ಫೋಟೋ ತೆಗೀಬೇಕಾ, ಹಿತ್ತಿಲಲ್ಲಿ ಒಂದು ತಟ್ಟೆ ಕಾಳು ಇಡಿ ಅಂತ ಎಲ್ಲರೂ ಹೇಳುತ್ತಾರೆ. ಹಿಮ ಬೀಳುವ ದೇಶಗಳಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಹುಳ ಸಿಗುವುದು ಕಷ್ಟ, ಅಲ್ಲೇ ಉಳಿದ ಹಕ್ಕಿಗಳಿಗೆ ಬೀಜವೇ ಗತಿ. ನಮ್ಮ ಶಿರಸಿ ಕಡೆ ಲೆಕ್ಕ ಬೇರೆ. ಇಲ್ಲಿಗೆ ಚಳಿಗಾಲ ಕಳೆಯಲು ಬರುವ ನವರಂಗ, ವರ್ಡಿಟರ್ ಫ್ಲೈಕ್ಯಾಚರ್, ಇಂಡಿಯನ್ ಬ್ಲೂ ರಾಬಿನ್, ಬ್ಲೂ ಕ್ಯಾಪ್ಡ್ ರಾಕ್ ಥ್ರಶ್ ಇವೆಲ್ಲ ಮುಖ್ಯವಾಗಿ ಹುಳಹುಪ್ಪಟೆ ತಿನ್ನುವ ಹಕ್ಕಿಗಳು. ಹಿಮಾಲಯದ ಕಡೆ, ನವರಂಗವಾದರೆ ಮಧ್ಯ ಭಾರತದಲ್ಲೂ, ಮರಿ ಮಾಡಿ, ಮಳೆಗಾಲ ಮುಗಿಯುತ್ತಿದ್ದ ಹಾಗೆ ಘಟ್ಟಕ್ಕೆ ಬರುತ್ತವೆ. ಕಾಳು ಸುರಿದರೆ ತಿರುಗಿಯೂ ನೋಡುವುದಿಲ್ಲ. ಕಾಳಿಗೆ ಬರುವುದು ಚೋರೆ ಹಕ್ಕಿ, ಮುನಿಯಗಳು.

ಹಾಗಾಗಿ ನಾನು ಮಾಡಿಕೊಂಡಿದ್ದು ನೀರಿನ ವ್ಯವಸ್ಥೆ. ಜೋಯಿಡಾ ತಾಲೂಕಿನ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ಕ್ಯಾಮೆರಾ ಹಿಡಿದವರೆಲ್ಲ ನೀರಿನ ತೊಟ್ಟಿಗಳ ಎದುರು ಸುಮ್ನೆ ಕೂತಿರುತ್ತಾರೆ. ಹಕ್ಕಿಗಳೇ ಅಲ್ಲಿಗೆ ಬರುತ್ತವೆ. ಕಾಡಿನ ಅಂಚಿನಲ್ಲೇ ಮನೆ ಇರುವ ನಮಗೆ ಇದು ಇನ್ನೂ ಸುಲಭ ಅಲ್ವಾ ಅನ್ನಿಸಿತು.

ಕೊಟ್ಟಿಗೆಯ ಹಿಂದೆ ಹಳೆಯ ಕಲ್ಲಿನ ಮರಿಗೆ, ಅಂದರೆ ತೊಟ್ಟಿ, ಬಿದ್ದಿತ್ತು. ಆಳ ಜಾಸ್ತಿ. ಸಣ್ಣ ಹಕ್ಕಿ ಸ್ನಾನ ಮಾಡಲು ಒಂದೆರಡು ಇಂಚು ನೀರು ಸಾಕು, ಅದಕ್ಕಿಂತ ಆಳವಿದ್ದರೆ ಹೆದರಿ ಇಳಿಯುವುದೇ ಇಲ್ಲ. ತಳಕ್ಕೆ ಚಿರೆಕಲ್ಲಿನ ಚೂರು, ಮೇಲೆ ಹೊಳೆಗಲ್ಲು ತುಂಬಿ, ಒಂದು ಕಡೆ ಇಳಿಜಾರು ಮಾಡಿದೆ. ತೋಟದ ಡ್ರಿಪ್ ಪೈಪಿನದ್ದೇ ಒಂದು ತುಂಡು ಎಳೆದು, ಮೇಲಿನಿಂದ ಹನಿ ಬೀಳುವ ಹಾಗೆ ಕಟ್ಟಿದೆ. ಈ ಹನಿಯೇ ಮುಖ್ಯ. ನಿಂತ ನೀರನ್ನು ಹಕ್ಕಿ ಕಣ್ಣಿಂದ ಹುಡುಕಬೇಕು. ಟಪ್ ಟಪ್ ಸದ್ದಾದರೆ ಪೊದೆಯೊಳಗಿದ್ದ ಹಕ್ಕಿಗೂ ಗೊತ್ತಾಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಲೇಬೇಕು. ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ, ಕೊಳಕು ನೀರಿನಿಂದ ಹಕ್ಕಿಗಳಿಗೂ ರೋಗ ಹರಡುತ್ತದೆ. ಬೆಕ್ಕು ಅಡಗಿ ಕೂರುವಂಥ ಪೊದೆ ಮರಿಗೆಗೆ ತಾಗಿ ಇರಬಾರದು.

ಅಡಗಿ ಕೂರಲು ಬೇರೆ ಮರೆ ಕಟ್ಟಲಿಲ್ಲ. ಕೊಟ್ಟಿಗೆಯ ಕಿಟಕಿಯೇ ಸಾಕಾಯಿತು. ಅಲ್ಲಿ ದನ ಓಡಾಡುವುದು, ಹುಲ್ಲು ಎಳೆಯುವುದು ಹಕ್ಕಿಗಳಿಗೆ ರೂಢಿ. ಕಿಟಕಿಗೆ ಹಸಿರು ಶೇಡ್ ನೆಟ್ ಇಳಿಬಿಟ್ಟು, ಲೆನ್ಸ್ ತೂರುವಷ್ಟು ಸೀಳು ಮಾಡಿದೆ. ಭತ್ತ ತುಂಬಿದ ಬಟ್ಟೆಚೀಲದ ಮೇಲೆ ಕ್ಯಾಮೆರಾ ಕೂರಿಸಿದರೆ ಟ್ರೈಪಾಡ್ ಬೇಕಾಗುವುದಿಲ್ಲ. ಕೊಟ್ಟಿಗೆಯಿಂದ ಇನ್ನೊಂದು ಲಾಭ ಗೊಬ್ಬರಗುಂಡಿ. ಅಲ್ಲಿ ನೊಣ, ಹುಳ ಯಾವಾಗಲೂ ಇರುತ್ತವೆ. ಹೊಟ್ಟೆ ಹಳದಿಯ ಬೂದು ಕುಂಡೆಕುಸ್ಕ ಬಾಲ ಕುಣಿಸುತ್ತಾ ಅದರ ಅಂಚಿನಲ್ಲೇ ಬೆಳಗ್ಗೆ ಕಳೆಯುತ್ತದೆ. ನನ್ನ ಮಟ್ಟಿಗೆ ಚಳಿಗಾಲದ ಹಕ್ಕಿಗಳಿಗೆ ಮಲೆನಾಡಿನ ನಿಜವಾದ ಊಟದ ತಟ್ಟೆ ಈ ಗೊಬ್ಬರಗುಂಡಿಯೇ.

ಹಕ್ಕಿ ನೇರ ನೀರಿಗೆ ಇಳಿಯುವುದು ಕಡಿಮೆ. ಮೊದಲು ಹತ್ತಿರ ಎಲ್ಲಾದರೂ ಕೂತು ಸುತ್ತ ನೋಡುತ್ತದೆ. ಆ ಜಾಗವನ್ನು ನಾವೇ ಕೊಡಬೇಕು. ಪಾಚಿ ಹಿಡಿದ ಮಾವಿನ ಕೊಂಬೆಯೊಂದನ್ನು ಮರಿಗೆಯ ಪಕ್ಕ ಓರೆಯಾಗಿ ನೆಟ್ಟಿದ್ದೇನೆ. ಕಿಟಕಿಯಿಂದ ಹನ್ನೆರಡು ಅಡಿ ದೂರ. ಹಿಂದಿನ ಗಿಡಮರ ಆ ಕೊಂಬೆಯಿಂದ ಇಪ್ಪತ್ತು ಅಡಿಯಾದರೂ ಆಚೆ ಇದ್ದರೆ ಹಿನ್ನೆಲೆ ನುಣ್ಣಗೆ ಬರುತ್ತದೆ. ಅಡಿಕೆ ತೋಟ ಹಿನ್ನೆಲೆಗೆ ಚೆಂದ ಅಂತ ಕಂಡರೂ ಮರಗಳ ಸಂದಿನಿಂದ ಆಕಾಶ ಇಣುಕಿ ಬಿಳಿ ಬಿಳಿ ಚುಕ್ಕೆಯಾಗುತ್ತದೆ. ಅದಕ್ಕೇ ನಾನು ಬೆಟ್ಟದ ಇಳಿಜಾರು ಹಿಂದೆ ಬರುವ ಕೋನ ಹಿಡಿದೆ.

ಬೆಳಕು ನಮ್ಮಲ್ಲಿ ಯಾವಾಗಲೂ ಕಡಿಮೆ. ಮಂಜು ಸರಿದು ಎಳೆಬಿಸಿಲು ಬರುವ ಎಂಟರಿಂದ ಒಂಬತ್ತೂವರೆ, ಮತ್ತೆ ಹಕ್ಕಿಗಳ ಸ್ನಾನದ ಹೊತ್ತು, ಅಂದರೆ ಮಧ್ಯಾಹ್ನ ಮೂರರಿಂದ ಐದು, ಇಷ್ಟೇ ಸಿಗುವುದು. ಕೂತ ಹಕ್ಕಿಗೆ 1/250 ಸೆಕೆಂಡ್ ಶಟರ್ ಸಾಕು. ರೆಕ್ಕೆ ಬಡಿದು ನೀರು ಹಾರಿಸುವಾಗ ಹನಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ 1/2000 ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಹೆದರಬೇಡಿ. ಗ್ರೇನ್, ಅಂದರೆ ಮರಳಿನಂಥ ಚುಕ್ಕೆ, ಬಂದ ಫೋಟೋ ಸರಿಪಡಿಸಬಹುದು, ಅಲುಗಿದ್ದಕ್ಕೆ ಮದ್ದಿಲ್ಲ. ಉದ್ದ ಬಾಲದ ಬಿಳಿ ಗಂಡು ರಾಜಹಕ್ಕಿ ಬಂದರೆ ಮಾತ್ರ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ ಆಗುವಷ್ಟು, ಇಳಿಸಿ. ಹಿಂದೆ ಕಪ್ಪು ಇರುವುದರಿಂದ ಕ್ಯಾಮೆರಾ ಬೆಳಕು ಏರಿಸಿ, ಗರಿಯ ಎಳೆಗಳನ್ನೆಲ್ಲ ಸುಣ್ಣ ಬಳಿದ ಹಾಗೆ ಮಾಡಿಬಿಡುತ್ತದೆ.

ನವರಂಗಕ್ಕೆ ಬೇಕಾದದ್ದು ತರಗೆಲೆ. ಮರಿಗೆಯ ಆಚೆ ಹಲಸಿನ ಮರದ ಬುಡದ ಮೂಲೆಯನ್ನು ನಾನು ಗುಡಿಸಲು ಬಿಡುವುದಿಲ್ಲ. "ಆ ಮೂಲೆ ಗುಡಿಸೋದು ಯಾವಾಗ?" ಅಂತ ಆಯಿ ಕೇಳುತ್ತಲೇ ಇರುತ್ತಾಳೆ. "ಹಕ್ಕಿ ವಾಪಸ್ ಹೋಗ್ಲಿ ಆಯಿ, ಏಪ್ರಿಲ್ ಮುಗೀಲಿ" ಅನ್ನುತ್ತೇನೆ. ಸಂಜೆ ಬೆಳಕು ಇಳಿಯುವಾಗ ಎರಡು ಸ್ವರದ ಸಿಳ್ಳೆ ಕೇಳಿಸಿದರೆ ಅದು ಬಂದಿದೆ ಅಂತ. ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಕೊಕ್ಕಿನಿಂದ ಎಲೆ ಮಗುಚಿ ಪಕ್ಕಕ್ಕೆ ಎಸೆಯುತ್ತದೆ. ಆಮೇಲೆ ಒಂದು ಕ್ಷಣ ಕಲ್ಲಾಗಿ ನಿಂತು, ಮೋಟು ಬಾಲ ಮಾತ್ರ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತದೆ. ಕ್ಲಿಕ್ ಮಾಡಬೇಕಾದದ್ದು ಆ ಕ್ಷಣದಲ್ಲಿ. ಆಗ 1/125ಕ್ಕೂ ಫೋಟೋ ಅಲುಗುವುದಿಲ್ಲ. ಹಸಿರು ಬೆನ್ನು, ಕಣ್ಣಿನ ಮೇಲೆ ಹಾಯುವ ಕಪ್ಪು ಪಟ್ಟೆ, ರೆಕ್ಕೆಯ ನೀಲಿ, ಬಾಲದ ಬುಡದ ಕಡುಕೆಂಪು ಎಲ್ಲ ಸಿಗಬೇಕಾದರೆ ಹಕ್ಕಿ ಪಕ್ಕಕ್ಕೆ ತಿರುಗಿರಬೇಕು, ಕ್ಯಾಮೆರಾ ನೆಲದ ಮಟ್ಟಕ್ಕೆ ಇರಬೇಕು. ಕೊಟ್ಟಿಗೆಯ ಗೋಡೆಯಲ್ಲಿ ನೀರು ಹೋಗಲು ಬಿಟ್ಟ ಕಿಂಡಿ ನನಗೆ ಇದಕ್ಕೇ ಒದಗಿತು.

ನೆಲದ ಮಟ್ಟ ಅಂದೆ, ತರಗೆಲೆ ಮೇಲೆ ಮಲಗಿ ಅಂತ ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲೂಕಿನದ್ದು. ಸಿದ್ದಾಪುರದ ಹಳ್ಳಿಗಳು ಅದರಿಂದ ಜೀವ ಕಳೆದುಕೊಂಡಿವೆ. ರೋಗ ಹರಡುವ ಉಣುಗಿನ ಕಾಟ ಜೋರಾಗುವುದೂ ಹಕ್ಕಿಗಳು ಇಲ್ಲಿರುವ ಇದೇ ತಿಂಗಳುಗಳಲ್ಲಿ. ತರಗೆಲೆಯ ಮೂಲೆ ಮನೆಯಿಂದ ದೂರ ಇರಲಿ, ಅಲ್ಲಿ ಕೂರಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ ಮತ್ತು ಮೈ ತಪಾಸಣೆ. ಬಾಳೆಹಣ್ಣು, ಪಪ್ಪಾಯಿ ಇಟ್ಟರೆ ಪಿಕಳಾರ, ಕುಟ್ರ ಹಕ್ಕಿ ಬರುತ್ತವೆ, ನಿಜ. ಆದರೆ ಅವಕ್ಕಿಂತ ಮೊದಲು ಮಂಗ ಬರುತ್ತದೆ. ನಮ್ಮ ಮನೆಯಲ್ಲಿ ಹಣ್ಣು ಇಡುವುದಿಲ್ಲ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಇಲ್ಲ. ನವರಂಗ ಚಳಿಗಾಲದಲ್ಲೂ ತನ್ನ ಜಾಗ ಕಾಯುವ ಹಕ್ಕಿ. ಇನ್ನೊಂದು ಬಂತು ಅಂತ ಹುಳ ಹುಡುಕುವುದು ಬಿಟ್ಟು ಓಡಾಡುತ್ತದೆ. ನೀರಿದ್ದರೆ ಅದೇ ಬರುತ್ತದೆ, ಕಾದರಾಯಿತು.

ಬಂದ ಹಕ್ಕಿಗಳನ್ನು ತಾರೀಖು ಸಮೇತ, ಕಂಡ ಹಕ್ಕಿಗಳ ಲೆಕ್ಕ ಇಡುವ ಇಬರ್ಡ್ ಆ್ಯಪಿನಲ್ಲಿ ಹಾಕುತ್ತೇನೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ಜನರೆಲ್ಲ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. 2013ರಿಂದ ನಮ್ಮ ದೇಶದವರೂ ಅದರಲ್ಲಿ ಸೇರಿದ್ದಾರೆ. ಹಿತ್ತಿಲಲ್ಲಿ 15 ನಿಮಿಷ ನಿಂತು ಕಂಡದ್ದನ್ನು ಎಣಿಸಿದರೆ ಸಾಕು. ಅಷ್ಟು ಹೊತ್ತಿಗೆ ಅಡಿಕೆ ಸುಲಿಯುವ ಗಲಾಟೆಯೂ ಇಳಿದಿರುತ್ತದೆ. ಈ ಸಲ ನಿಮ್ಮ ಮನೆಯ ಮರಿಗೆಗೂ ನೀರು ತುಂಬಿ, ನೀವೂ ಸೇರಿಕೊಳ್ಳಿ.