ಬೀಟೆ ಬಿಟ್ಟು ಮತ್ತಿ ಹಿಡಿದೆ: ಫ್ರೆಟ್‌ಬೋರ್ಡ್ ಮರದ ಬಗ್ಗೆ ನನ್ನ ಅನುಭವ

ನಾನು ಗಿಟಾರ್ ಮಾಡುತ್ತೇನೆ. ಗಿಟಾರಿನ ನೆಕ್ (ಕತ್ತು) ಮೇಲೆ ಅಂಟಿಸುವ, ಬೆರಳೊತ್ತುವ ಹಲಗೆಯೇ ಫ್ರೆಟ್‌ಬೋರ್ಡ್; ಅದರಲ್ಲಿ ಅಡ್ಡಲಾಗಿ ಕೂರುವ ಲೋಹದ ಪಟ್ಟಿಗಳು ಫ್ರೆಟ್. ಹೋದ ವಾರ ನನ್ನ ಹದಿನಾಲ್ಕನೇ ಮತ್ತಿ ಫ್ರೆಟ್‌ಬೋರ್ಡ್‌ಗೆ ಫ್ರೆಟ್ ಕೂರಿಸಿ ಮುಗಿಸಿದೆ. ಮೊದಲನೆಯದಕ್ಕೆ ಈಗ ನಾಲ್ಕೂವರೆ ವರ್ಷ. ಅದು ಮೊನ್ನೆ ಸೆಟಪ್‌ಗೆಂದು ವಾಪಸ್ ಬಂದಿತ್ತು. ಸ್ಟ್ರೇಟ್‌ಎಡ್ಜ್ ಇಟ್ಟು ನೋಡಿದರೆ ರಿಲೀಫ್ (ನೆಕ್ಕಿನ ಸಣ್ಣ ಬಾಗು) ನಾನು ಕಳಿಸಿದಾಗ ಇದ್ದಷ್ಟೇ ಇತ್ತು, ಸುಮಾರು 0.2 ಮಿ.ಮೀ. ಆ ಬಾಗನ್ನು ಹೊಂದಿಸುವ, ನೆಕ್ಕಿನೊಳಗಿನ ಕಂಬಿಯಾದ ಟ್ರಸ್ ರಾಡ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಫ್ರೆಟ್ ತುದಿಗಳ ಮೇಲೆ ಬೆರಳು ಸವರಿದೆ, ಎಲ್ಲೂ ಚುಚ್ಚಲಿಲ್ಲ. ಇದನ್ನು ಬರೆಯಲು ಕೂತದ್ದು ಅದೇ ಖುಷಿಯಲ್ಲಿ.

ಶುರುಮಾಡಿದಾಗ ಒಬ್ಬರೂ ಒಪ್ಪಿರಲಿಲ್ಲ. ನನಗೆ ಫ್ರೆಟ್ ಕೆಲಸ ಕಲಿಸಿದ ಹಿರಿಯರು, "ಮತ್ತಿ ತೊಲೆಗೆ ಆಗುವ ಮರ ಮಾರಾಯ, ಒಣಗಿದ ಮೇಲೂ ತಿರುಚಿಕೊಳ್ಳುತ್ತೆ, ಅದರ ಹಿಂದೆ ಹೋಗಿ ದುಡ್ಡು ಕಳ್ಕೋಬೇಡ" ಅಂದಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ದುಡ್ಡು ಚೆನ್ನಾಗಿಯೇ ಹೋಯಿತು.

ಬೀಟೆಯನ್ನು ಯಾಕೆ ಬಿಟ್ಟೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸ ಮಾಡಲು ಅದಕ್ಕಿಂತ ಸಲೀಸಾದ ಮರ ನನಗೆ ಇವತ್ತಿಗೂ ಸಿಕ್ಕಿಲ್ಲ. ಹವೆ ಬದಲಾದರೂ ಅಲುಗಾಡುವುದಿಲ್ಲ, ಎಣ್ಣೆಯಂಶ ತನ್ನಲ್ಲೇ ಇದೆ, ಫ್ರೆಟ್ ಹಿತವಾಗಿ ಹಿಡಿಯುತ್ತದೆ. ಆದರೆ 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳನ್ನು ಸೈಟಿಸ್‌ನ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಸೇರಿಸಿದರು. ಹೊರದೇಶಕ್ಕೆ ಹೋಗಬೇಕಿದ್ದ ನನ್ನ ಎರಡು ಗಿಟಾರ್ ಕಾಗದಪತ್ರವಿಲ್ಲದೆ ಏಳೆಂಟು ತಿಂಗಳು ಕೊಳೆತವು. ಕೊನೆಗೆ ಒಂದರ ಮುಂಗಡ ವಾಪಸ್ ಕೊಟ್ಟೆ. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಬಂತು, ನಿಜ. ಅಷ್ಟರಲ್ಲಿ ನನ್ನ ಕೈಗೆ ಬರುತ್ತಿದ್ದ ಬೀಟೆ ಬ್ಲಾಂಕ್‌ಗಳ (ಬೋರ್ಡಿಗೆಂದು ಕೊಯ್ದ ಹಲಗೆ ತುಂಡುಗಳ) ಗುಣ ಇಳಿದಿತ್ತು. ಎಳೆ ಅಡ್ಡಾದಿಡ್ಡಿ, ಅಂಚಿನಲ್ಲಿ ಬಿಳಿ ಭಾಗ, ಹತ್ತರಲ್ಲಿ ಮೂರಕ್ಕೆ ಹುಳುವಿನ ತೂತು.

ಆಮೇಲೆ ಎಬೊನಿ ಹಿಡಿದೆ. ಆರು ಬ್ಲಾಂಕ್ ಕೊಂಡೆ, ನಾಲ್ಕು ತುದಿಯಿಂದ ಸೀಳಿದವು. ಬಂದ ದಿನವೇ ತುದಿಗೆ ಮೇಣ ಹಚ್ಚಿದ್ದೆ, ಪ್ರಯೋಜನವಾಗಲಿಲ್ಲ. ಎಬೊನಿಯನ್ನು ಗಟ್ಟಿ ಅಂತ ಎಲ್ಲರೂ ಹೊಗಳುತ್ತಾರೆ. ಒಣಗುವಾಗ ಅದು ಬೀಟೆಗಿಂತ ಎಷ್ಟೋ ಹೆಚ್ಚು ಕುಗ್ಗುತ್ತದೆ ಅನ್ನುವುದನ್ನು ಮರೆಯುತ್ತಾರೆ. ಒಣಹವೆ ಬಂದ ಕೂಡಲೇ ಫ್ರೆಟ್ ತುದಿ ಗರಗಸದ ಹಲ್ಲಿನಂತೆ ಹೊರಚಾಚಿದ ಗಿಟಾರ್ ಕೈಗೆ ಬಂದರೆ ಬೋರ್ಡ್ ಹೆಚ್ಚಾಗಿ ಎಬೊನಿಯೇ ಆಗಿರುತ್ತದೆ. ಇನ್ನೊಂದು ಮಾತು. ಅಚ್ಚ ಕಪ್ಪೇ ಬೇಕು ಅಂತ ಹಟ ಮಾಡುವವರಿಗೆ ನಾನು ಟೇಲರ್ ಗಿಟಾರ್ ಕಂಪನಿಯ ಉದಾಹರಣೆ ಕೊಡುತ್ತೇನೆ. ಅವರು 2011ರಲ್ಲಿ ಕ್ಯಾಮರೂನಿನ ಎಬೊನಿ ಮಿಲ್ಲಿನಲ್ಲಿ ಪಾಲು ತೆಗೆದುಕೊಂಡ ಮೇಲೆ ಕಂದು ಗೆರೆಯಿರುವ ಮರವನ್ನೂ ಬಳಸಲು ಶುರುಮಾಡಿದರು. ಗೆರೆ ಇದ್ದ ಮಾತ್ರಕ್ಕೆ ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಕಪ್ಪಿಗಾಗಿ ಬಣ್ಣ ಬಳಿದ ಎಬೊನಿಗೆ ಹೆಚ್ಚು ದುಡ್ಡು ಕೊಟ್ಟವರನ್ನು ಕಂಡು ನನಗೆ ಸಂಕಟವಾಗಿದೆ.

ಬೇರೆ ಮರಗಳೂ ನನಗೆ ಒಗ್ಗಲಿಲ್ಲ. ಮೇಪಲ್‌ಗೆ ಫಿನಿಶ್ ಹೊಡೆಯಲೇಬೇಕು, ಹಳೆ ಫ್ರೆಟ್ ಕಿತ್ತು ಹೊಸದು ಹಾಕುವಾಗ ಅದು ಚಕ್ಕೆ ಏಳುತ್ತದೆ. ವೆಂಗೆ ಸಿಬಿರು ಬಿಡುತ್ತದೆ. ಪಾವ್ ಫೆರೋ ನೋಡಲು ಸೊಗಸು, ಆದರೆ ಅದರ ಧೂಳಿಗೆ ನನ್ನ ಎರಡೂ ಮುಂಗೈ ಹದಿನೈದು ದಿನ ಕೆಂಪಗೆ ಊದಿದ್ದವು. ಆ ಮರಕ್ಕೆ ಕೈಹಾಕುವವರು ಮಾಸ್ಕ್ ಜೊತೆ ಉದ್ದ ತೋಳಿನ ಅಂಗಿಯನ್ನೂ ಹಾಕಿಕೊಳ್ಳಿ.

ಮತ್ತಿ ಹೊಳೆದದ್ದು ಫೆಂಡರ್ ಕಂಪನಿಯ ಒಂದು ಸ್ಕ್ವಾಯರ್ ಗಿಟಾರ್ ರಿಪೇರಿಗೆ ಬಂದಾಗ. ಬೋರ್ಡ್ ಕಂದು, ನಡುನಡುವೆ ಕಪ್ಪು ಗೆರೆ. ಪೆಟ್ಟಿಗೆಯ ಮೇಲೆ ಇಂಡಿಯನ್ ಲಾರೆಲ್ ಅಂತ ಬರೆದಿತ್ತು. ಯಾವ ಮರ ಇದು ಅಂತ ಹುಡುಕಿದರೆ ಟರ್ಮಿನೇಲಿಯಾ ಕುಲದ್ದು! ನಮ್ಮ ಮತ್ತಿ! ಅಷ್ಟು ದೊಡ್ಡ ಕಂಪನಿ ಸಾವಿರಾರು ಗಿಟಾರಿಗೆ ಹಾಕುತ್ತಿರುವುದನ್ನು ನಾನು ಯಾಕೆ ಹಾಕಬಾರದು ಅನ್ನಿಸಿತು.

ಮೊದಲ ಕಂತು ಒಂಬತ್ತು ಬ್ಲಾಂಕ್. ಹಲಗೆ ಎರಡು ವರ್ಷ ಒಣಗಿದ್ದು ಅಂತ ಮಾರಿದವರ ಮಾತು. ಮೇಲ್ಮೈಯಲ್ಲಿ ತೇವಾಂಶದ ಮೀಟರ್ ಶೇ. 11 ತೋರಿಸಿತು, ನಂಬಿದೆ. ಸೀಳಿಸಿದ ಮೇಲೆ ಒಳಗೆ ನೋಡಿದರೆ 17. ಆಗಲೇ ನಿಲ್ಲಿಸಬೇಕಿತ್ತು, ಆತುರಪಟ್ಟು 8 ಮಿ.ಮೀ.ಗೆ ಇಳಿಸಿದೆ. ಮೂರು ವಾರದಲ್ಲಿ ಆರು ಬ್ಲಾಂಕ್ ದೋಣಿಯಂತೆ ಬಾಗಿದವು. ನೆಟ್ಟಗೆ ಉಳಿದ ಮೂರರಲ್ಲಿ ಒಂದನ್ನು ಒಳ್ಳೆಯ ಮೇಪಲ್ ನೆಕ್‌ಗೆ ಅಂಟಿಸಿದೆ. ಎರಡು ತಿಂಗಳಲ್ಲಿ ಆ ನೆಕ್ ತಿರುಚಿಕೊಂಡಿತು. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಬೋರ್ಡ್ ಎಬ್ಬಿಸಿದರೂ ನೆಕ್ ಉಳಿಯಲಿಲ್ಲ. ಎರಡನೇ ಕಂತನ್ನು ಬೇಗ ಒಣಗಿಸೋಣ ಅಂತ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿಟ್ಟೆ. ನಾಲ್ಕಕ್ಕೆ ನಾಲ್ಕೂ ಮೈತುಂಬ ಸಣ್ಣ ಬಿರುಕು. ಈ ಎರಡು ಕಂತಿನಲ್ಲಿ ಕಳೆದುಕೊಂಡ ದುಡ್ಡಿಗೆ, ನೆಕ್ ಸೇರಿಸಿ ಲೆಕ್ಕ ಹಾಕಿದರೆ, ಏಳೆಂಟು ಎಬೊನಿ ಬ್ಲಾಂಕ್ ಬರುತ್ತಿತ್ತು. ಆ ಲೆಕ್ಕ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ಕಂತಿನಿಂದ ಮಾಡುತ್ತಿರುವುದು ಹೀಗೆ. 11 ಮಿ.ಮೀ. ದಪ್ಪಕ್ಕೆ ಸೀಳಿಸಿ, ನಡುವೆ ಪಟ್ಟಿ ಕೊಟ್ಟು ಅಟ್ಟದ ಮೇಲೆ ಪೇರಿಸುತ್ತೇನೆ. ಪ್ರತಿಯೊಂದರ ತುದಿಯಲ್ಲೂ ತಾರೀಖು, ತೂಕ ಬರೆದಿರುತ್ತದೆ. ಒಂದೊಂದು 310ರಿಂದ 340 ಗ್ರಾಂ ತೂಗುತ್ತದೆ, ಒಣಗುವಷ್ಟರಲ್ಲಿ ಇಪ್ಪತ್ತು ಗ್ರಾಂ ಆಸುಪಾಸು ಕಳೆದುಕೊಳ್ಳುತ್ತದೆ. ಮೀಟರ್ ನಂಬುವುದನ್ನು ಬಿಟ್ಟೆ, ತಕ್ಕಡಿ ಸುಳ್ಳು ಹೇಳುವುದಿಲ್ಲ. ಎರಡು ತಿಂಗಳು ತೂಕ ಕದಲದಿದ್ದರೆ ಎರಡೂ ಮುಖದಿಂದ ಒಂದೊಂದು ಮಿ.ಮೀ. ತೆಗೆದು ಮತ್ತೆ ಒಂದೂವರೆ ತಿಂಗಳು ಬಿಡುತ್ತೇನೆ. ಈ ಎರಡನೇ ಕಾಯುವಿಕೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಒಳಗಿನ ಸೆಡವು ಹೊರಬರುವುದು ಆಗಲೇ, ಬಾಗುವುದು ಆಗಲೇ ಬಾಗಿಬಿಡುತ್ತದೆ. ಒಟ್ಟು ಹದಿಮೂರು-ಹದಿನಾಲ್ಕು ತಿಂಗಳು ಹಿಡಿಯುತ್ತದೆ.

ಅದಕ್ಕೂ ಮುಂಚಿನದು ಆಯ್ಕೆ. ತುದಿಯಲ್ಲಿ ಉಂಗುರದ ಗೆರೆಗಳು ಬಹುತೇಕ ನೆಟ್ಟಗೆ ನಿಂತಿರಬೇಕು. ಮತ್ತಿಯಲ್ಲಿ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದು ಸಾಮಾನ್ಯ, ಬರೀ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ತುದಿಯ ಒಂದು ತುಂಡನ್ನು ಉಳಿಯಿಂದ ಸೀಳಿ ನೋಡುತ್ತೇನೆ. ಸೀಳು ನೇರವಾಗಿ ಇಳಿದರೆ ಸರಿ, ತಿರುಗಿದರೆ ಆ ಹಲಗೆ ಬೇರೆ ಕೆಲಸಕ್ಕೆ. ಈ ಪರೀಕ್ಷೆ ದಾಟುವುದು ಮೂರರಲ್ಲಿ ಒಂದು. ಅಷ್ಟು ವ್ಯರ್ಥವಾದರೂ ಒಂದು ಮತ್ತಿ ಬೋರ್ಡ್ ನನಗೆ ಎಬೊನಿಯ ಅರ್ಧಕ್ಕಿಂತ ಕಡಿಮೆಗೆ ಬೀಳುತ್ತದೆ.

ಫ್ರೆಟ್ ಕೂರುವ ಸ್ಲಾಟ್ (ಗೀರು) ಎಷ್ಟು ಅಗಲ ಇರಬೇಕೆಂದು ಒಂದು ಚೂರಿನ ಮೇಲೆ ಬೇರೆ ಬೇರೆ ಅಳತೆ ಕೊರೆದು, ಫ್ರೆಟ್ ಹೊಡೆದು, ಕಿತ್ತು ನೋಡಿದೆ. ನನ್ನ ಫ್ರೆಟ್ ವೈರ್‌ಗೆ 0.58 ಮಿ.ಮೀ. ಸರಿಹೋಯಿತು. ಅದಕ್ಕಿಂತ ಬಿಗಿ ಮಾಡಿದರೆ ಇಪ್ಪತ್ತೆರಡು ಫ್ರೆಟ್ ಸೇರಿ ನೆಕ್ಕನ್ನು ಹಿಂದಕ್ಕೆ ಬಗ್ಗಿಸುತ್ತವೆ. ಸ್ಲಾಟಿನ ಅಂಚನ್ನು ಮುಕ್ಕೋನದ ಅರದಿಂದ ಒಂದೇ ಒಂದು ಎಳೆತ ಎಳೆಯಿರಿ, ಮುಂದೆ ಫ್ರೆಟ್ ಕೀಳುವವರು ನಿಮ್ಮನ್ನು ನೆನೆಯುತ್ತಾರೆ. ಅಂಟಿಗೆ ಈಗ ಎಪಾಕ್ಸಿ. ನೀರಿನ ಅಂಶದ ಅಂಟು ಬೋರ್ಡಿನ ಒಂದೇ ಮುಖವನ್ನು ಉಬ್ಬಿಸುತ್ತದೆ, ಮತ್ತಿಯಲ್ಲಿ ಅದು ಎದ್ದು ಕಾಣುತ್ತದೆ.

ನಿಜವಾದ ತಲೆನೋವು ರಂಧ್ರಗಳು. ಮತ್ತಿಯ ಮೈ ಒರಟು. ಮೊದಲ ಗಿಟಾರ್ ಕೊಂಡವರು, "ತಂತಿ ಬೆಂಡ್ ಮಾಡುವಾಗ ಮರಳು ಉಜ್ಜಿದ ಹಾಗಾಗುತ್ತೆ ಸರ್" ಅಂದರು. ಸೂಪರ್ ಗ್ಲೂ ಜೊತೆ ಮರದ ಪುಡಿ ತುಂಬಿದೆ, ಅಲ್ಲಲ್ಲಿ ಹೊಳೆಯುವ ಕಲೆ ಉಳಿಯಿತು. ಅದನ್ನೆಲ್ಲ ಕೆರೆದು ತೆಗೆಯಲು ಎರಡು ದಿನ ಬೇಕಾಯಿತು. ಕೊನೆಗೆ ಗೆದ್ದದ್ದು ತೆಳು ಎಪಾಕ್ಸಿ, ಅದೇ ಹಲಗೆಯ ನುಣ್ಣನೆ ಪುಡಿ, ಮತ್ತು ಇನ್ನೊಂದು ಪುಡಿ. ಆ ಮೂರನೆಯದು ಏನು ಅಂತ ಈಗ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ವರ್ಷ ಹಿಡಿದಿದೆ. ಎರಡು ಸಲ ತುಂಬಿ, ಸ್ಕ್ರೇಪರ್ ಎಳೆದು, 400ರಿಂದ 1000ದವರೆಗೆ ಉಪ್ಪುಕಾಗದ ಹಿಡಿದು, ಅಗಸೆ ಎಣ್ಣೆ ತೆಳ್ಳಗೆ ಸವರಿ ಒರೆಸಿದರೆ ಮುಗಿಯಿತು. ಈಗ ಆ ಮೊದಲ ಗಿರಾಕಿಯೇ ಇನ್ನೊಂದು ಗಿಟಾರ್ ಹೇಳಿಹೋಗಿದ್ದಾರೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ವಿನೆಗರ್‌ನಲ್ಲಿ ಸ್ಟೀಲ್ ವುಲ್ ನೆನೆಸಿದ ನೀರಿನಿಂದ ಮತ್ತಿಯನ್ನು ಕಪ್ಪಾಗಿಸಿದೆ. ಮೊದಲು ಗಟ್ಟಿ ಚಹಾ ಬಳಿದು, ಒಣಗಿದ ಮೇಲೆ ಈ ನೀರು ಸವರಿದರೆ ಕಣ್ಣೆದುರೇ ಕಪ್ಪೇರುತ್ತದೆ. ಆದರೆ ಬಣ್ಣ ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ರೇಡಿಯಸ್ (ಬೋರ್ಡಿನ ಮೇಲ್ಮೈಗೆ ಕೊಡುವ ಉಬ್ಬು) ಪೂರ್ತಿ ಮುಗಿದ ಮೇಲೆಯೇ ಮಾಡಬೇಕು. ಅಡುಗೆ ಸೋಡಾ ನೀರಿನಿಂದ ಒರೆಸದಿದ್ದರೆ ಉಳಿದ ಹುಳಿ ಫ್ರೆಟ್ಟಿಗೆ ಹಿಡಿಯುತ್ತದೆ. ಹಾಗೆ ಮಾಡಿದ ಒಂದನ್ನು ಆ ಹಿರಿಯರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಎಬೊನಿ ಚೆನ್ನಾಗಿದೆ" ಅಂದರು. ಮತ್ತಿ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಣಸೆಯ ಚೇಗನ್ನೂ ನೋಡಿದೆ. ನೇರಳೆ ಮಿಶ್ರಿತ ಕಡುಗಂದು, ಕಲ್ಲಿನಂಥ ಮರ. ಉಜ್ಜುಗೊರಡಿನ ಅಲಗನ್ನು ಒಂದೇ ಬೋರ್ಡಿಗೆ ನಾಲ್ಕು ಸಲ ಮಸೆದೆ. 60 ಮಿ.ಮೀ. ಅಗಲದ, ನೆಟ್ಟಗಿನ ಚೇಗು ಸಿಗುವುದೇ ಅಪರೂಪ. ಇಡೀ ದಿಮ್ಮಿಯಲ್ಲಿ ಎರಡು ಸಿಕ್ಕವು, ಒಂದರಲ್ಲಿ ಹುಳು. ಉಳಿದೊಂದು ನನ್ನ ಸ್ವಂತ ಗಿಟಾರಿನಲ್ಲಿದೆ, ಎಷ್ಟು ಕೊಟ್ಟರೂ ಮಾರುವುದಿಲ್ಲ.

ನಾದದ ಮಾತು ಬಂದರೆ ಜಗಳ ಗ್ಯಾರಂಟಿ, ಆದರೂ ಮಾಡಿದ್ದನ್ನು ಹೇಳುತ್ತೇನೆ. ಒಂದೇ ಬಾಡಿಗೆ ಮೂರು ಮೇಪಲ್ ನೆಕ್ ಬದಲಾಯಿಸಿ ರೆಕಾರ್ಡ್ ಮಾಡಿದೆ. ಬೋರ್ಡ್ ಮಾತ್ರ ಬೀಟೆ, ಎಬೊನಿ, ಮತ್ತಿ. ತಂತಿ ಮೂರಕ್ಕೂ ಒಂದೇ ದಪ್ಪದವು, 10-46. ನುಡಿಸುವ ಐದು ಗೆಳೆಯರಿಗೆ ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. ಎಬೊನಿಯನ್ನು ಇಬ್ಬರು ಗುರುತಿಸಿದರು, ಬೀಟೆಯನ್ನೂ ಮತ್ತಿಯನ್ನೂ ಬೇರೆ ಮಾಡಲು ಒಬ್ಬರಿಂದಲೂ ಆಗಲಿಲ್ಲ. ನನ್ನ ಕಿವಿಗೂ ಅಷ್ಟೇ. ಫ್ರೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದು ನಾದಕ್ಕೆ ಮಾಡುವ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ನಾನು ಇನ್ನೂ ಎಬೊನಿಯನ್ನೇ ಹಾಕುತ್ತೇನೆ. ಅಲ್ಲಿ ಸಾಮಾನ್ಯವಾಗಿ ಟ್ರಸ್ ರಾಡ್ ಇರುವುದಿಲ್ಲ, ನೆಕ್ಕಿಗೆ ಬೋರ್ಡಿನ ಬಿಗುವೇ ಆಸರೆ, ಮತ್ತಿಯ ಮೇಲೆ ಅಷ್ಟು ಭಾರ ಹಾಕಿ ನೋಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಉಕ್ಕಿನ ತಂತಿಗೆಲ್ಲ ಇನ್ನು ಮತ್ತಿಯೇ. ಅಟ್ಟದ ಮೇಲೆ ಹನ್ನೆರಡು ಬ್ಲಾಂಕ್‌ಗಳಿಗೆ ಈಗ ಐದನೇ ತಿಂಗಳು. ಹನ್ನೊಂದು ಹೆಚ್ಚುಕಡಿಮೆ ನಿಂತಿವೆ, ಏಳನೆಯದು ಮಾತ್ರ ವಾರಕ್ಕೊಂದು ಗ್ರಾಂ ಇನ್ನೂ ಇಳಿಯುತ್ತಲೇ ಇದೆ.